ಮುಂಗುಸಿ ಮುಖ ತೋರಿಸಿದ ಮಳೆಗಾಲ

ಕಳೆದ ವಾರ ಸಿ.ವಿ. ರಾಮನ್ ನಗರಕ್ಕೆ ಒಂದು ನಾಮಕರಣದ ಫೋಟೋ ತೆಗೆಯಲು ಹೋಗಿದ್ದೆ. ಆಟೋ ಇಳಿದು ಖಾಲಿ ಜಾಗದ ಪಕ್ಕದ ಕಾಲುದಾರಿಯಲ್ಲಿ ನಡೆಯುವಾಗ ಹೆಗಲ ಮೇಲಿದ್ದ ಟ್ರೈಪಾಡಿನ ಕಾಲು ಲಂಟಾನದ ಪೊದೆಗೆ ಸಿಕ್ಕಿಕೊಂಡಿತು. ಜಗ್ಗಿ ಎಳೆದೆ. ಎಲೆ ಜಜ್ಜಿಹೋಗಿ ಘಾಟು ವಾಸನೆ ಮೂಗಿಗೆ ಹೊಡೆಯಿತು. ಲಂಟಾನದ ವಾಸನೆ ಯಾರಿಗೂ ಇಷ್ಟವಾಗುವಂಥದ್ದಲ್ಲ, ಮುಖ ಸಿಂಡರಿಸಿಕೊಂಡು ಮುಂದೆ ಹೋಗುತ್ತಾರೆ. ನಾನು ಮಾತ್ರ ಇನ್ನೊಂದೆರಡು ಎಲೆ ಕಿತ್ತು ಅಂಗೈಯಲ್ಲಿ ತಿಕ್ಕಿ ಮೂಸಿದೆ. ಕೆಲವು ವರ್ಷಗಳ ಹಿಂದಿನ ಒಂದು ಮಳೆಗಾಲ ಇದ್ದ ಹಾಗೇ ಎದುರಿಗೆ ಬಂದು ನಿಂತಿತು. ಆ ಮಳೆಗಾಲದಲ್ಲಿ ನಾನು ಇದೇ ಪೊದೆಯ ಕೆಳಗೆ ಹೊಟ್ಟೆ ಅಡಿಯಾಗಿ ಮಲಗಿದ್ದೆ, ಮತ್ತು ಗೆದ್ದಿದ್ದೆ.

ನಾನು ಎರಡು ಬಗೆಯ ಫೋಟೋ ತೆಗೆಯುವವಳು. ಹೊಟ್ಟೆಪಾಡಿಗೆ ಮದುವೆ, ಆರತಕ್ಷತೆ, ಸೀಮಂತ, ನಾಮಕರಣ. ಖುಷಿಗೆ ಅಳಿಲು, ಓತಿಕ್ಯಾತ, ಕಪ್ಪೆ, ಸೊಂಡಿಲಿ, ಹಾವುರಾಣಿ. ಹಲಸೂರಿನ ನಮ್ಮ ಮನೆಯ ನೀರಿನ ಸಂಪಿನ ಹತ್ತಿರ ದಿನಾ ಸಂಜೆ ಬಂದು ಕೂರುತ್ತಿದ್ದ ಒಂದು ನೆಲಗಪ್ಪೆಯಿಂದ ಹತ್ತಿದ ಹುಚ್ಚು ಇದು. ಚಿತ್ರ ತೆಗೆದು, ಅದರ ಕೆಳಗೆ ಆ ಪ್ರಾಣಿಯ ಮನೆ, ಊಟ, ಮಕ್ಕಳುಮರಿ, ಸಿಟ್ಟು ಸೆಡವು ಎಲ್ಲದರ ಬಗ್ಗೆ ಒಂದಿಷ್ಟು ಬರೆದು ಪತ್ರಿಕೆಗಳಿಗೆ ಕಳಿಸುತ್ತಿದ್ದೆ. ಅವು ಹೋದಷ್ಟೇ ಬೇಗ ವಾಪಸ್ಸು ಬರುತ್ತಿದ್ದವು. ಕಾಡುಪ್ರಾಣಿಗಳ ಫೋಟೋ ತೆಗೆಯುತ್ತೇನೆ ಎಂದರೆ ಜನ ಮೊದಲು ಕೇಳುವುದು ಹುಲಿ ತೆಗೆದಿದ್ದೀರಾ ಎಂದು. ಇಲ್ಲ ಎಂದರೆ ಆನೆ? ಅದೂ ಇಲ್ಲ ಎಂದರೆ ಮಾತು ಊಟದ ಕಡೆ ತಿರುಗುತ್ತಿತ್ತು. ಸೊಂಡಿಲಿಯೂ ಕಾಡಿನದೇ, ಅದನ್ನು ಯಾರೂ ಸಾಕಿಲ್ಲ ಎಂದು ಎಷ್ಟು ಜನರ ಜೊತೆ ಜಗಳವಾಡಿದ್ದೇನೋ ಲೆಕ್ಕವಿಲ್ಲ. ಸಣ್ಣದನ್ನು ಕಂಡರೆ ಅಷ್ಟು ಸದರ ಯಾಕೆ ಎಂಬ ಸಿಟ್ಟು ನನಗೆ ಅವತ್ತೂ ಇತ್ತು, ಇವತ್ತೂ ಇದೆ.

ನನಗೆ ಕೆಲಸ ಕಲಿಸಿದವರು ಶಿವಾಜಿನಗರದಲ್ಲಿ ಸ್ಟುಡಿಯೋ ಇಟ್ಟಿರುವ ಕರೀಂ ಭಾಯ್. ಹೆಣ್ಣಿನ ಕಡೆಯ ರೂಮಿನೊಳಗೆ ಹೋಗಿ ಅಲಂಕಾರದ ಫೋಟೋ ತೆಗೆಯಲು ಹೆಂಗಸೇ ಬೇಕು ಎಂದು ನನ್ನನ್ನು ಸೇರಿಸಿಕೊಂಡವರು ಕೊನೆಗೆ ಇಡೀ ಮದುವೆಯನ್ನೇ ನನ್ನ ಕೈಗೆ ಬಿಟ್ಟರು. ಅವರ ಪಾಠ ಎರಡೇ. ಒಂದು, ಕ್ಲಿಕ್ ಮಾಡುವ ಮುಂಚೆ ಗಟ್ಟಿಯಾಗಿ "ಇಲ್ಲಿ ನೋಡಿ" ಎನ್ನಬೇಕು. ಇನ್ನೊಂದು, ವೇದಿಕೆಯ ಹಿಂದೆ ಹೂವಿನಲ್ಲಿ ಬರೆದ ಗಂಡು ಹೆಣ್ಣಿನ ಹೆಸರಿನ ಬೋರ್ಡು ಚಿತ್ರದೊಳಗೆ ಬಂದೇ ಬರಬೇಕು. "ಬೋರ್ಡ್ ಬಂದಿಲ್ಲಾಂದ್ರೆ ಯಾರ್ ಮದ್ವೆ ಅಂತ ಯಾರಿಗ್ ಗೊತ್ತಾಗ್ತದೆ ಬೇಟಾ" ಎನ್ನುತ್ತಿದ್ದರು. ತಲೆ ಕತ್ತರಿಸಿದರೂ ಕ್ಷಮಿಸುತ್ತಿದ್ದರು, ಬೋರ್ಡು ಕತ್ತರಿಸಿದರೆ ಮಧ್ಯಾಹ್ನದ ಚಹಾ ಕೊಡುತ್ತಿರಲಿಲ್ಲ.

ಈ ಪಾಠಗಳು ಮೈಗೆ ಎಷ್ಟು ಹತ್ತಿಕೊಂಡವೆಂದರೆ ಕಪ್ಪೆ ಓತಿಗಳ ಮುಂದೂ ಬಿಡಲಿಲ್ಲ. ಸಣ್ಣ ಪ್ರಾಣಿಯನ್ನು ಮೇಲಿನಿಂದ ತೆಗೆದರೆ ಅದು ತಪ್ಪು ಮಾಡಿ ಸಿಕ್ಕಿಬಿದ್ದ ಹಾಗೆ ಕಾಣುತ್ತದೆ. ಹಾಗಾಗಿ ನಾನು ನೆಲಕ್ಕೆ ಮಲಗಿ, ಅದರ ಕಣ್ಣಿನ ಮಟ್ಟಕ್ಕೆ ಕ್ಯಾಮೆರಾ ಇಟ್ಟು, ಮದುಮಗಳಿಗೆ ಕಾಯುವ ಹಾಗೆ ಕಾಯುತ್ತೇನೆ. ಅದು ತಿರುಗಬೇಕು, ಬೆಳಕು ಕೆನ್ನೆಗೆ ಬೀಳಬೇಕು. ಎಲ್ಲ ಕೂಡಿ ಬಂದ ಗಳಿಗೆಯಲ್ಲಿ ನನ್ನ ಬಾಯಿಂದ ತಾನಾಗಿ "ಇಲ್ಲಿ ನೋಡಿ" ಹೊರಡುತ್ತಿತ್ತು. ಅಷ್ಟೇ. ಓತಿಕ್ಯಾತ ಕಾಂಪೌಂಡಿನ ಆಚೆಗೆ, ಅಳಿಲು ತೆಂಗಿನ ತುದಿಗೆ. ನನ್ನ ಹತ್ತಿರ ಬೆಂಗಳೂರಿನ ಎಲ್ಲ ಸಣ್ಣ ಪ್ರಾಣಿಗಳ ಬಾಲದ ಚಿತ್ರ ಇದೆ ಎಂದು ಕರೀಂ ಭಾಯ್ ಗಿರಾಕಿಗಳ ಮುಂದೆ ಆಡಿಕೊಳ್ಳುತ್ತಿದ್ದರು.

ಆ ವರ್ಷದ ಮಳೆಗಾಲ ಮುಗಿಯುವ ಹಾಗೇ ಕಾಣಲಿಲ್ಲ. ದಸರಾ ಕಳೆದಿದ್ದರೂ ಬೆಳಿಗ್ಗೆ ಹಿತವಾದ ಬಿಸಿಲು, ಮಧ್ಯಾಹ್ನ ಸೆಕೆ, ಸಂಜೆ ನಾಲ್ಕಾದರೆ ಕೆ.ಆರ್. ಪುರದ ಕಡೆಯಿಂದ ಮೋಡ ಕವಿದುಕೊಂಡು ಬಂದು ಸುರಿದುಹೋಗುತ್ತಿತ್ತು. ಆಗಲೇ ಸಿ.ವಿ. ರಾಮನ್ ನಗರದ ಈ ಕಾಲೋನಿಯಲ್ಲಿ ಮುನಿರಾಜು ಅವರ ಮಗಳ ನಿಶ್ಚಿತಾರ್ಥಕ್ಕೆ ನಾನು ಬಂದದ್ದು. ಮುನಿರಾಜು ಇಲ್ಲಿಯ ಮೂಲದವರು. ಈಗ ಮನೆಗಳೆದ್ದಿರುವ ಕಡೆಯೆಲ್ಲ ಅವರ ಅಜ್ಜನ ರಾಗಿ ಹೊಲ ಇತ್ತಂತೆ. ಕಾರ್ಖಾನೆಯ ಕೆಲಸದಿಂದ ನಿವೃತ್ತರಾದ ಮೇಲೆ ಕಾಲೋನಿ ಸಂಘದ ಕಾರ್ಯದರ್ಶಿಯಾಗಿ, ಚರಂಡಿಯಿಂದ ಬೀದಿದೀಪದವರೆಗೆ ಎಲ್ಲವನ್ನೂ ಒಬ್ಬರೇ ಹೊತ್ತುಕೊಂಡಿದ್ದರು. ಊಟ ಮುಗಿಸಿ, ಕೈ ತೊಳೆಯುವ ನೆಪದಲ್ಲಿ ನಾನು ಹಿಂದಿನ ಖಾಲಿ ಜಾಗದ ಕಡೆ ಹೋದೆ. ಅದು ಕಾಲೋನಿಯ ಮೈದಾನಕ್ಕೆಂದು ಬಿಟ್ಟ ಜಾಗ. ಯಾವುದೋ ಹಳೇ ಮನೆ ಒಡೆದ ಇಟ್ಟಿಗೆ, ಕಲ್ಲು, ಮಣ್ಣು ಎಲ್ಲ ತಂದು ಸುರಿದು ಗುಡ್ಡೆಯಾಗಿತ್ತು, ಅದರ ಮೇಲೆ ಲಂಟಾನ ಹಬ್ಬಿತ್ತು.

ಪೊದೆಯ ಪಕ್ಕ ಒಬ್ಬ ಹೆಂಗಸು ಸೆರಗು ಬಿಗಿದು ಸೊಂಟದ ಮೇಲೆ ಕೈ ಇಟ್ಟುಕೊಂಡು ನಿಂತಿದ್ದಳು. ಹತ್ತಿರ ಬರಬೇಡ ಎಂದು ನನಗೆ ಕೈಸನ್ನೆ ಮಾಡಿದಳು. ಶರಣಮ್ಮ ಎಂದು ಹೆಸರು, ಊರು ಕಲಬುರಗಿ ಕಡೆ. ಗಂಡ ಗರುಡಾಚಾರ್‌ಪಾಳ್ಯದ ಒಂದು ಕಾರ್ಖಾನೆಯಲ್ಲಿ ಲೋಡಿಂಗ್ ಕೆಲಸಕ್ಕೆ, ಈಕೆ ಟೆಕ್ ಪಾರ್ಕಿನಲ್ಲಿ ಹೌಸ್‌ಕೀಪಿಂಗಿಗೆ. ಮೈದಾನದ ಹಿಂದಿನ ಶೀಟು ರೂಮುಗಳ ಸಾಲಿನಲ್ಲಿ ಬಾಡಿಗೆಗೆ ಇದ್ದರು. ಕ್ಯಾಮೆರಾ ನೋಡಿದ ಮೇಲೆ ಆಕೆ ಸ್ವಲ್ಪ ಸಡಿಲವಾದಳು.

"ಇಲ್ಲಿ ಮುಂಗುಸಿ ಅದ ಅಕ್ಕಾ. ಮರಿನೂ ಹಾಕ್ಯದ. ದಿನಾ ಮುಂಜಾನಿ ಅದರ ಮಾರಿ ನೋಡೇ ನಾ ಕೆಲಸಕ್ಕ ಹೋಗೋದು."

ಮಾರಿ ಎಂದರೆ ಅವರ ಕಡೆ ಮುಖ. ಮುಂಗುಸಿಯ ಮುಖ ಕಂಡರೆ ಹಿಡಿದ ಕೆಲಸ ಆಗುತ್ತದೆ ಎಂಬ ನಂಬಿಕೆ ನಮ್ಮ ಕಡೆಯೂ ಇದೆ. ಚಿಕ್ಕಂದಿನಲ್ಲಿ ನಾವೂ ಮುಂಗುಸಿಯ ಹಿಂದೆ ಓಡುತ್ತಾ ಮುಖ ತೋರಿಸು, ಮುಖ ತೋರಿಸು ಎಂದು ಕೂಗಿದವರೇ. ಶರಣಮ್ಮನ ಮಗಳು ಸಾವಿತ್ರಿ ನರ್ಸಿಂಗ್ ಓದು ಮುಗಿಸಿ ಆಸ್ಪತ್ರೆಗಳಿಗೆ ಸಂದರ್ಶನಕ್ಕೆ ಹೋಗುತ್ತಿದ್ದಳು. ಕೆಲಸ ಸಿಗುವವರೆಗೆ ತಾಯಿ ಮುಂಗುಸಿಯನ್ನು ಬಿಡುವ ಹಾಗಿರಲಿಲ್ಲ. ನಾನೋ ಆಗಲೇ ನೆಲದ ಮೇಲೆ ಮಲಗಲು ಜಾಗ ಹುಡುಕತೊಡಗಿದೆ. ನಗರದ ನಡುವೆ ಮರಿ ಹಾಕಿದ ಮುಂಗುಸಿ. ಅದರ ಮುಖ, ಮರಿಗಳ ಜೊತೆ. ಅಂಥ ಒಂದು ಚಿತ್ರಕ್ಕಾಗಿ ನಾನು ಎಷ್ಟು ವರ್ಷದಿಂದ ಕಾಯುತ್ತಿದ್ದೆ.

ನಿಶ್ಚಿತಾರ್ಥದ ಮನೆಗೆ ವಾಪಸ್ಸು ಬಂದು ಇದನ್ನು ಹೇಳಿದಾಗ ಮುನಿರಾಜು ನಕ್ಕುಬಿಟ್ಟರು. ಆ ಗುಡ್ಡೆಯಲ್ಲಿ ಇರುವುದು ಹೆಗ್ಗಣ, ಅವರ ಕಾರಿನ ವೈರುಗಳನ್ನು ಕಡಿದು ಹಾಕಿರುವುದು ಅವೇ. ಬರುವ ಸೋಮವಾರ ಎಲ್ಲ ಬಿಲಗಳಿಗೂ ವಿಷ ಹಾಕಿಸಿ, ಜೆಸಿಬಿ ತರಿಸಿ ಗುಡ್ಡೆ ಸಮ ಮಾಡಿಸುತ್ತಾರಂತೆ. ರಾಜ್ಯೋತ್ಸವದ ಪೆಂಡಾಲು ಈ ಸಲ ಅಲ್ಲೇ. ಸಂಘದಲ್ಲಿ ಎಲ್ಲರೂ ಒಪ್ಪಿಯಾಗಿತ್ತು. ವಿಷ ತಿಂದ ಹೆಗ್ಗಣವನ್ನು ಮುಂಗುಸಿ ತಿನ್ನುತ್ತದೆ. ತಾಯಿ ಸತ್ತರೆ ಮರಿಗಳು ಬಿಲದೊಳಗೇ ಮುಗಿದವು, ಉಳಿದರೆ ಜೆಸಿಬಿ ಇದ್ದೇ ಇತ್ತು. ಇದನ್ನೆಲ್ಲ ಬಿಡಿಸಿ ಹೇಳಿದೆ. ಮುನಿರಾಜು ಕೆಟ್ಟವರಲ್ಲ, ಆದರೆ ತಮ್ಮ ಹುಟ್ಟೂರಿನ ಬಗ್ಗೆ ಹಲಸೂರಿನವಳು ಪಾಠ ಹೇಳುವುದು ಅವರಿಗೆ ಸರಿಬರಲಿಲ್ಲ.

"ಮೇಡಂ, ಇದು ರಾಗಿ ಹೊಲ ಆಗಿದ್ದಾಗಿಂದ ನಾನ್ ನೋಡಿದೀನಿ. ಮುಂಗುಸಿ ಎಲ್ಲಾ ಯಾವತ್ತೋ ಹೋಯ್ತು. ಇದೆ ಅಂತೀರಾ, ತೋರ್ಸಿ. ನಾನೇ ಜೆಸಿಬಿ ವಾಪಸ್ ಕಳಿಸ್ತೀನಿ."

ಬೀಗರ ಮುಂದೆ ಆಡಿದ ಮಾತು. ಅಷ್ಟು ಸಾಕಿತ್ತು ನನಗೆ.

ಮಾರನೆಯ ಬೆಳಿಗ್ಗೆಯೇ ಬಂದು ಬಿದ್ದೆ. ಬಿದ್ದೆ ಎಂದರೆ ನಿಜವಾಗಿ ಬಿದ್ದೆ. ಹಿಂದಿನ ಯಾವುದೋ ಮದುವೆಯ ಫ್ಲೆಕ್ಸ್ ಬ್ಯಾನರು ಕರೀಂ ಭಾಯ್ ಹತ್ತಿರ ಇತ್ತು, ಅದನ್ನು ಒದ್ದೆ ನೆಲಕ್ಕೆ ಹಾಸಿ, ನಗುತ್ತಿದ್ದ ಗಂಡು ಹೆಣ್ಣಿನ ಮುಖಗಳ ಮೇಲೆ ಹೊಟ್ಟೆ ಊರಿ ಮಲಗಿದೆ. ಹಾಲು ತರಲು ಹೋಗುವವರು, ವಾಕಿಂಗ್ ಮಾಡುವವರು ನಿಂತು ನೋಡಿದರು. ಆಂಬುಲೆನ್ಸ್ ಕರೆಯಬೇಕೇ ಎಂದು ಒಬ್ಬರು ವಿಚಾರಿಸಿದರು. ಕಾಲೋನಿಯ ವಾಟ್ಸ್ಆ್ಯಪ್ ಗುಂಪಿನಲ್ಲಿ ನನ್ನ ಹಿಂಭಾಗದ ಚಿತ್ರ ಓಡಾಡಿತೆಂದು ಆಮೇಲೆ ತಿಳಿಯಿತು. ಮುಂಗುಸಿ ಬಂತು. ಬೂದು ಮೈಯ ಮೇಲೆ ಎಣ್ಣೆ ಹಚ್ಚಿ ಬಾಚಿದ ಹೊಳಪು, ಕೆಂಪು ಕಣ್ಣು. ಮೂಗು ನೆಲಕ್ಕೆ ಹಚ್ಚಿಕೊಂಡು ಸರಸರ ದಾಟಿ ಹೋಯಿತು. ನನಗೆ ಸಿಕ್ಕಿದ್ದು ಬಾಲ. ಅದನ್ನೇ ಮುನಿರಾಜುಗೆ ತೋರಿಸಿದರೆ, ಇದು ನನ್ನ ಹೆಂಡತಿಯ ಧೂಳು ಹೊಡೆಯುವ ಬ್ರಷ್ಷೂ ಇರಬಹುದು ಎಂದರು.

ಎರಡನೆಯ ಬೆಳಿಗ್ಗೆ ಮರಿಗಳು ಬಂದವು. ಒಂದರ ಹಿಂದೆ ಒಂದು, ತಾಯಿಯ ಬಾಲಕ್ಕೆ ಮೂಗು ತಾಗಿಸಿಕೊಂಡು ಮೂರು ಮರಿ. ಇಟ್ಟಿಗೆಯ ಮೇಲೆ ಬಿಸಿಲಿಗೆ ಬಂದು ನಿಂತವು. ನನ್ನ ಕಣ್ಣಲ್ಲಿ ನೀರು ತುಂಬಿತು, ಮತ್ತು ಹಾಳು ಬಾಯಿ "ಇಲ್ಲಿ ನೋಡಿ" ಎಂದಿತು. ಕಣ್ಣು ಮಿಟುಕಿಸುವಷ್ಟರಲ್ಲಿ ಇಟ್ಟಿಗೆ ಖಾಲಿ. ಆಮೇಲೆ ಅವತ್ತಿಡೀ ಬರಲಿಲ್ಲ, ಮಾರನೆಯ ದಿನವೂ ಬರಲಿಲ್ಲ. ಮುಂಗುಸಿಗೆ ಅನುಮಾನ ಬಂದರೆ ಮರಿಗಳನ್ನು ಕಚ್ಚಿಕೊಂಡು ಬೇರೆ ಬಿಲಕ್ಕೆ ಹೋಗುತ್ತದೆ. ಇಲ್ಲಿ ಬೇರೆ ಬಿಲ ಎಂದರೆ ರಸ್ತೆ ದಾಟಿ ಆಚೆ ಚರಂಡಿ. ಅಷ್ಟು ಸಣ್ಣ ಮರಿಗಳನ್ನು ಹೊತ್ತು ಆ ರಸ್ತೆ ದಾಟುವುದನ್ನು ನೆನೆಸಿಕೊಂಡು ನನಗೆ ಅನ್ನ ಸೇರಲಿಲ್ಲ. ಸಂಜೆಯ ಮಳೆಯಲ್ಲಿ ಹಲಸೂರಿಗೆ ಬಸ್ಸಿನಲ್ಲಿ ಹೋಗುವಾಗ ಕಿಟಕಿಗೆ ಮುಖ ತಿರುಗಿಸಿಕೊಂಡು ಅತ್ತೆ.

ಭಾನುವಾರ ಬೆಳಿಗ್ಗೆ ಶರಣಮ್ಮ ರಜೆ ಎಂದು ನನ್ನ ಪಕ್ಕದಲ್ಲೇ ಬಂದು ಕುಕ್ಕರಗಾಲಲ್ಲಿ ಕೂತಳು. ಅವಳಿಗೂ ಮುಖದರ್ಶನ ತಪ್ಪಿತ್ತು, ಬುಧವಾರ ಮಗಳ ದೊಡ್ಡ ಸಂದರ್ಶನ ಬೇರೆ. ನನ್ನನ್ನು ನೋಡುವ ನೋಟದಲ್ಲೇ ಯಾರು ಕಾರಣ ಎಂಬುದು ಇತ್ತು. ಅವತ್ತು ಏನೂ ಕಾಣಲಿಲ್ಲ. ಎದ್ದು ಹೊರಡುವಾಗ ಹೇಳಿದಳು, ಬಿಲದ ಬಾಯಲ್ಲಿ ಹಸಿ ಹೆಜ್ಜೆ ಇದೆ, ಹೋಗಿಲ್ಲ, ಒಳಗೇ ಇದ್ದಾವೆ ಎಂದು. ಅವಳು ತೋರಿಸಿದ ಹೆಜ್ಜೆ ನನ್ನ ಕಣ್ಣಿಗೆ ಬೆಕ್ಕಿನದರಂತೆ ಕಂಡಿತು. ಆದರೆ ಅವತ್ತು ನನಗೂ ಅವಳ ಮಾತೇ ಬೇಕಾಗಿತ್ತು.

ಸೋಮವಾರ ನಾನು ಬರುವಷ್ಟರಲ್ಲಿ ಜೆಸಿಬಿ ಬಂದು ನಿಂತಿತ್ತು. ಅದರ ಚಾಲಕ ಮೂಲೆಯ ಅಂಗಡಿಯಲ್ಲಿ ಚಹಾ ಕುಡಿಯುತ್ತಿದ್ದ. ವಿಷದ ಡಬ್ಬಿ ಹಿಡಿದ ಒಬ್ಬಾತ ಮುನಿರಾಜು ಬರುವುದನ್ನೇ ಕಾಯುತ್ತಿದ್ದ. ಮುನಿರಾಜು ತಮ್ಮ ಮನೆಯ ಗೇಟಿನಲ್ಲಿ ನಿಂತು ಫೋನಿನಲ್ಲಿ ಯಾರನ್ನೋ ಬೈಯುತ್ತಿದ್ದರು. ಮೈದಾನದ ಆಚೆ ತುದಿಯಲ್ಲಿದ್ದ ಕಾಲೋನಿಯ ಹೆಸರಿನ ಬೋರ್ಡಿನ ಮೇಲೆ ಹಿಂದಿನ ಸಂಜೆ ಯಾರೋ "ಮನೆ ಬಾಡಿಗೆಗೆ ಇದೆ" ಎಂಬ ಗುಲಾಬಿ ಕಾಗದ ಅಂಟಿಸಿಬಿಟ್ಟಿದ್ದರಂತೆ. ಗೇಟಿನಿಂದ ಮೈದಾನದವರೆಗೆ ಅದೇ ಜಗಳ ಕೇಳುತ್ತಿತ್ತು. ಆ ಜಗಳ ಮುಗಿಯುವವರೆಗೆ ಮಾತ್ರ ನನಗೆ ಸಮಯ ಎಂದು ಗೊತ್ತಾಯಿತು.

ಫ್ಲೆಕ್ಸ್ ಹಾಸಿ ಮಲಗಿದೆ. ಡ್ಯೂಟಿಗೆ ಹೊರಟಿದ್ದ ಶರಣಮ್ಮ ಓಡಿ ಬಂದು, ಸೆರಗಿನ ತುದಿಯಿಂದ ಒಂದು ದೊಡ್ಡ ಬೆಲ್ಲದ ಉಂಡೆ ಬಿಚ್ಚಿ ನನ್ನ ಬಾಯಿಗೆ ತುರುಕಿದಳು.

"ಇದು ಬಾಯಾಗ ಇರಲಿ. ನೀವು ಮಾತಾಡಿದ್ರ ಎಲ್ಲಾ ಕೆಡ್ತದ. ಸುಮ್ಮ ಬೀಳ್ರಿ."

ಬಿದ್ದೆ. ಹಿಂದಿನ ಸಂಜೆಯ ಮಳೆಗೆ ಗುಡ್ಡೆಯಿಡೀ ಹೊಗೆಯಾಡುತ್ತಿತ್ತು. ಜಜ್ಜಿದ ಲಂಟಾನದ ಘಾಟು, ಬಾಯಲ್ಲಿ ಬೆಲ್ಲ, ಹಿಂದಿನಿಂದ ಮುನಿರಾಜು ದನಿ. ಮುಂಗುಸಿ ಎಲ್ಲಿ ಬರಬಹುದು ಎಂದು ನಾನು ಯೋಚಿಸುತ್ತಿರುವಾಗ ಕೈ ತನ್ನ ಪಾಡಿಗೆ ತಾನು ಕ್ಯಾಮೆರಾವನ್ನು ಎಡಕ್ಕೆ ಸರಿಸಿ, ಸ್ವಲ್ಪ ತಗ್ಗಿಸಿ, ಇಟ್ಟಿಗೆಯ ಹಿಂದೆ ದೂರದ ಬೋರ್ಡು ಒಳಗೆ ಬರುವ ಹಾಗೆ ಚೌಕಟ್ಟು ಕೂರಿಸಿತ್ತು. ನಾನಾಗಿ ಮಾಡಿದ್ದಲ್ಲ. ಬೋರ್ಡು ಕತ್ತರಿಸಿ ಅಷ್ಟು ವರ್ಷ ಚಹಾ ಕಳೆದುಕೊಂಡ ಕೈ ಅದು.

ಮೊದಲು ಒಂದು ಮೂಗು ಬಂತು. ಆಮೇಲೆ ತಾಯಿ, ಅದರ ಹಿಂದೆ ಮರಿಗಳು. ಬೆಚ್ಚಗಾಗಿದ್ದ ಇಟ್ಟಿಗೆಯ ಮೇಲೆ ಹತ್ತಿ ಸಾಲಾಗಿ ನಿಂತವು, ಆದರೆ ಬೆನ್ನು ಹಾಕಿಕೊಂಡು, ಜೆಸಿಬಿಯ ಕಡೆ ನೋಡುತ್ತಾ. ನಾಲ್ಕು ಬಾಲ. ಚಹಾ ಮುಗಿಸಿದ ಚಾಲಕ ಹತ್ತಿ ಕೂತು ಯಂತ್ರ ಶುರು ಮಾಡಿದ. ಇನ್ನೊಂದು ಗಳಿಗೆಗೆ ಒಳಗೆ ಹೋಗಿಬಿಡುತ್ತವೆ. ಬೆಲ್ಲ ಅಷ್ಟು ಹೊತ್ತಿಗೆ ಪೂರ್ತಿ ಕರಗಿಹೋಗಿತ್ತು. ಅಭ್ಯಾಸಬಲವೋ, ಹತಾಶೆಯೋ, ಚಿಕ್ಕಂದಿನ ಬೇಡಿಕೆಯೋ, ನನ್ನ ಬಾಯಿಂದ ಬಂದೇಬಿಟ್ಟಿತು.

"ಇಲ್ಲಿ ನೋಡಿ."

ತಾಯಿ ಹಿಂಗಾಲ ಮೇಲೆ ಎದ್ದು ನಿಂತು, ಎರಡೂ ಮುಂಗೈ ಎದೆಗೆ ಕಟ್ಟಿಕೊಂಡು, ನೇರವಾಗಿ ನನ್ನ ಕಡೆ ತಿರುಗಿ ನೋಡಿತು. ಮರಿಗಳೂ ತಿರುಗಿದವು. ಬೆಳಕು ನಾಲ್ಕೂ ಮುಖದ ಮೇಲೆ ಬಿದ್ದಿತ್ತು. ಇಷ್ಟು ಒಳ್ಳೆಯ ಶಿಸ್ತು ನಾನು ಯಾವ ಮದುವೆಯ ಗ್ರೂಪ್ ಫೋಟೋದಲ್ಲೂ ಕಂಡಿಲ್ಲ. ಒತ್ತಿದೆ.

ಎದ್ದು, ಮೈಯೆಲ್ಲ ಕೆಸರಲ್ಲಿ, ಜೆಸಿಬಿಯ ಮುಂದೆ ಎರಡೂ ಕೈ ಚಾಚಿ ನಿಂತೆ. ಮುನಿರಾಜು ಫೋನು ಬಿಟ್ಟು ಓಡಿ ಬಂದರು. ಕ್ಯಾಮೆರಾದ ಹಿಂದಿನ ಪರದೆ ಅವರ ಮುಖಕ್ಕೆ ಹಿಡಿದೆ. ಅವರು ಕನ್ನಡಕ ಹಣೆಗೆ ಏರಿಸಿ ನೋಡಿದರು. ಇದು ಎಲ್ಲಿಯದೋ, ಯಾವಾಗಿನದೋ ಎನ್ನಲು ಬಾಯಿ ತೆರೆದವರು ಹಾಗೇ ನಿಂತರು. ಮುಂಗುಸಿಯ ತಲೆಯ ಪಕ್ಕದಲ್ಲಿ ಕಾಲೋನಿಯ ಬೋರ್ಡು ಇತ್ತು. ಬೋರ್ಡಿನ ಮೇಲೆ ಹಿಂದಿನ ಸಂಜೆ ಅಂಟಿಸಿದ, ಬೆಳಿಗ್ಗೆಯಿಂದ ಅವರು ಜಗಳವಾಡುತ್ತಿದ್ದ ಆ ಗುಲಾಬಿ ಕಾಗದವೂ ಇತ್ತು. ಆಮೇಲೆ, ಅವರ ಅಜ್ಜಿ ಹೊಲಕ್ಕೆ ಬುತ್ತಿ ತರುವಾಗ ಇದೇ ಜಾಗದಲ್ಲಿ ಮುಂಗುಸಿಗೆ ಕೈ ಮುಗಿಯುತ್ತಿದ್ದಳೆಂದು ತಮಗೆ ತಾವೇ ಹೇಳಿಕೊಂಡ ಹಾಗೆ ಹೇಳಿದರು. ತಿರುಗಿ, ಚಾಲಕನಿಗೆ ಕೈ ಬೀಸಿದರು.

"ನಡಿಯಪ್ಪ, ಗಾಡಿ ಹಿಂದಕ್ಕೆ ತಗೋ. ಇಲ್ಲಿ ಮನೆ ಖಾಲಿ ಇಲ್ಲ."

ಜೆಸಿಬಿ ಹಿಂದಕ್ಕೆ ಹೋಗುವಾಗ ಮಾಡುವ ಪೀಂ ಪೀಂ ಸದ್ದು ನನಗೆ ಅವತ್ತು ಮಂಗಳವಾದ್ಯವಾಗಿ ಕೇಳಿಸಿತು. ನಿಂತು ನೋಡುತ್ತಿದ್ದವರು ಚಪ್ಪಾಳೆ ತಟ್ಟಿದರು. ವಿಷದ ಡಬ್ಬಿಯವನೂ ತಟ್ಟಿದ. ಶರಣಮ್ಮ ಬಸ್ಸು ತಪ್ಪಿಸಿಕೊಂಡಿದ್ದಳು, ಅದರ ಚಿಂತೆಯೇ ಇಲ್ಲದೆ, ಕೇಳಿದರೆ ಅದು ಮಾರಿ ತೋರಿಸುತ್ತದೆ ಎಂದು ತಾನು ಮೊದಲೇ ಹೇಳಿದ್ದಾಗಿ ಎಲ್ಲರಿಗೂ ಹೇಳುತ್ತಿದ್ದಳು. ಬಾಯಿಗೆ ಬೆಲ್ಲ ತುರುಕಿದ ಸಂಗತಿ ಅವಳ ಕಥೆಯಲ್ಲಿ ಇರಲಿಲ್ಲ.

ಮಧ್ಯಾಹ್ನ ಶಿವಾಜಿನಗರಕ್ಕೆ ಹೋಗಿ ಸುದ್ದಿ ಹೇಳಿದರೆ ಕರೀಂ ಭಾಯ್ ಕೇಳಿದ ಮೊದಲ ಮಾತು ಬೋರ್ಡ್ ಬಂತಾ ಎಂದು. ಚಿತ್ರ ನೋಡಿ, ಎರಡು ಚಹಾ ತರಿಸಿದರು. ತಾವೇ ನಿಂತು, ಮದುವೆಯ ಹಾಲಿನ ಬಾಗಿಲಿಗೆ ಇಡುವಷ್ಟು ದೊಡ್ಡದಾಗಿ ಪ್ರಿಂಟು ಹಾಕಿ ಚೌಕಟ್ಟು ಕಟ್ಟಿಸಿದರು. ರಾಜ್ಯೋತ್ಸವದ ಪೆಂಡಾಲನ್ನು ಆ ವರ್ಷ ರಸ್ತೆಯಲ್ಲೇ ಹಾಕಿದರು. ತಾಯಿ ಭುವನೇಶ್ವರಿಯ ಪಟದ ಪಕ್ಕದಲ್ಲಿ ನನ್ನ ಮುಂಗುಸಿ. ಜನ ದೇವಿಗೆ ಕೈ ಮುಗಿದು ಹಾಗೇ ಒಂದು ಹೆಜ್ಜೆ ಸರಿದು ಮುಂಗುಸಿಗೂ ಮುಗಿದರು. ಮುನಿರಾಜು ಭಾಷಣದಲ್ಲಿ, ನಮ್ಮ ಕಾಲೋನಿಯಲ್ಲಿ ಮುಂಗುಸಿ ಇದೆ ಎಂದು ತಾವು ಮೊದಲಿನಿಂದಲೂ ಹೇಳುತ್ತಿದ್ದುದಾಗಿ ಹೇಳಿದರು. ನಾನು ಎಲ್ಲರಿಗಿಂತ ಜೋರಾಗಿ ಚಪ್ಪಾಳೆ ಹೊಡೆದೆ. ನನ್ನ ಚಿತ್ರಗಳನ್ನು ವಾಪಸ್ಸು ಕಳಿಸುತ್ತಿದ್ದ ವಾರಪತ್ರಿಕೆಯವರು ಆ ಚಿತ್ರವನ್ನು ನನ್ನ ಬರಹದ ಜೊತೆ ಇಡೀ ಪುಟಕ್ಕೆ ಹಾಕಿ, ಇಂಥದ್ದು ಇನ್ನೂ ಏನಿದೆ ಎಂದು ತಾವೇ ಫೋನು ಮಾಡಿದರು. ನೆಲಗಪ್ಪೆ ಇದೆ ಎಂದೆ. ಅಲ್ಲಿಂದ ಈವರೆಗೆ ನನ್ನ ಸಣ್ಣವರ ಪುಟ ನಿಂತಿಲ್ಲ.

ಸಾವಿತ್ರಿಗೆ ಕೆಲಸ ಸಿಕ್ಕಿತು. ಕಳೆದ ವಾರದ ನಾಮಕರಣ ಅವಳ ಮಗುವಿನದೇ. ಮೈದಾನದ ಹಿಂದಿನ ಅದೇ ಸಾಲಿನ ರೂಮಿನಲ್ಲಿ ತೊಟ್ಟಿಲು ಕಟ್ಟಿದ್ದರು. ಗೋಡೆಯ ಮೇಲೆ ಶರಣಮ್ಮನ ಮನೆಯವರ ಒಂದು ಚಿತ್ರ ತೂಗುಹಾಕಿದೆ. ಆ ರಾಜ್ಯೋತ್ಸವದ ಬೆಳಿಗ್ಗೆ ನಾನೇ ತೆಗೆದದ್ದು. ಬೆಂಗಳೂರಿಗೆ ಬಂದ ಮೇಲೆ ಮನೆಯವರೆಲ್ಲ ಸೇರಿ ಒಂದು ಫೋಟೋ ತೆಗೆಸಿಲ್ಲ ಎಂದು ಆಕೆ ಕೇಳಿದ್ದಳು. ಗುಡ್ಡೆಗೆ ಎದುರಾಗಿ ಗಂಡ, ಹೆಂಡತಿ, ಮಗಳನ್ನು ನಿಲ್ಲಿಸಿ, ಹಿಂದೆ ಬೋರ್ಡು ಬರುವ ಹಾಗೆ ನೋಡಿಕೊಂಡು, ಗುಡ್ಡೆಗೆ ಬೆನ್ನು ಹಾಕಿ ನಿಂತು "ಇಲ್ಲಿ ನೋಡಿ" ಎಂದಿದ್ದೆ. ಮೂವರೂ ನನ್ನನ್ನು ಬಿಟ್ಟು ನನ್ನ ಹೆಗಲಾಚೆ ನೋಡಿದರು. ನಾನು ತಿರುಗುವಷ್ಟರಲ್ಲಿ ಅಲ್ಲಿ ಎಲೆ ಅಲುಗುತ್ತಿತ್ತು ಅಷ್ಟೆ.

ಇನ್ನೊಂದು ತೆಗೆಯುತ್ತೇನೆ ಎಂದರೆ ಶರಣಮ್ಮ ಒಪ್ಪಲೇ ಇಲ್ಲ, ಇದೇ ಇರಲಿ ಎಂದಳು. ತೊಟ್ಟಿಲ ಪಕ್ಕ ನಿಂತು ಅದನ್ನು ಮತ್ತೆ ನೋಡಿದೆ. ಬೋರ್ಡು ಸರಿಯಾಗಿ ಬಂದಿದೆ. ಮುಂಗುಸಿ ಚಿತ್ರದಲ್ಲಿಲ್ಲ. ಮೂರು ಮುಖ ಮಾತ್ರ, ಯಾವುದೂ ಕ್ಯಾಮೆರಾದ ಕಡೆ ತಿರುಗಿಲ್ಲ, ಮೂರೂ ಅರಳಿವೆ.